ಅಳಗುಳಿ ಮಣೆಯಂಥ ಪರಮಾಣು ಕಿಟ್: ಎರಡು ವಾರ ಬಳಸಿದ ಮೇಲೆ

ಮಗಳು ಈ ವರ್ಷ ಒಂಬತ್ತನೇ ಕ್ಲಾಸು. ಪರಮಾಣುವಿನ ರಚನೆ ಪಾಠ ಶುರುವಾದಾಗಿನಿಂದ ಸೋಡಿಯಂ 2, 8, 1, ಕ್ಲೋರಿನ್ 2, 8, 7 ಅಂತ, ಅಂದರೆ ಒಳಗಿನಿಂದ ಹೊರಕ್ಕೆ ಒಂದೊಂದು ಕವಚದಲ್ಲಿ (ಸುತ್ತಿನಲ್ಲಿ) ಎಷ್ಟು ಎಲೆಕ್ಟ್ರಾನ್ ಇವೆ ಅಂತ, ಬಾಯಿಪಾಠ ಮಾಡುತ್ತಿದ್ದಳು. ಯಾಕೆ ಹಾಗೆ ಅಂತ ಕೇಳಿದರೆ ಉತ್ತರ ಇಲ್ಲ. ಅದಕ್ಕೇ 650 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಈ ಕಿಟ್ ತರಿಸಿದೆ.

ಒಂದು ದುಂಡನೆಯ ಮರದ ಹಲಗೆ. ನಡುವೆ ನ್ಯೂಕ್ಲಿಯಸ್‌ಗೆ ಬಟ್ಟಲಿನಂಥ ಗುಳಿ, ಸುತ್ತ ನಾಲ್ಕು ಸುತ್ತಿನಲ್ಲಿ ಸಣ್ಣ ಗುಳಿಗಳು. ಕೆಂಪು ಮಣಿ ಪ್ರೋಟಾನ್, ಬಿಳಿ ನ್ಯೂಟ್ರಾನ್, ನೀಲಿ ಎಲೆಕ್ಟ್ರಾನ್, ತಲಾ 20. ನಮ್ಮ ಅತ್ತೆ ನೋಡಿದ ಕೂಡಲೇ 'ಇದು ಅಳಗುಳಿ ಮಣೆ ಅಲ್ವಾ' ಅಂದರು. ನಿಜ, ಆಡುವ ರೀತಿಯೂ ಹಾಗೇ ಇದೆ. ಮರದ ಕೆಲಸ ಚೆನ್ನಾಗಿದೆ, ಮಣಿ ಉರುಳಿ ಹೋಗುವುದಿಲ್ಲ.

ಇದರಿಂದ ಆದ ದೊಡ್ಡ ಲಾಭ ವೇಲೆನ್ಸಿ, ಅಂದರೆ ಒಂದು ಪರಮಾಣು ಬೇರೆಯದರ ಜೊತೆ ಸೇರುವಾಗ ಎಷ್ಟು ಎಲೆಕ್ಟ್ರಾನ್ ಕೊಡುತ್ತೆ, ತೆಗೆದುಕೊಳ್ಳುತ್ತೆ ಅಥವಾ ಹಂಚಿಕೊಳ್ಳುತ್ತೆ ಅನ್ನುವುದು, ಅರ್ಥವಾಗಿದ್ದು. ಸೋಡಿಯಂ ಜೋಡಿಸುವಾಗ ಮೊದಲ ಎರಡು ಸುತ್ತು ತುಂಬಿ, ಕೊನೆಯ ಒಂದೇ ಒಂದು ನೀಲಿ ಮಣಿಯನ್ನು ಮೂರನೇ ಸುತ್ತಿಗೆ ಇಟ್ಟಳು. ಸ್ವಲ್ಪ ಹೊತ್ತು ನೋಡಿ, ಅದನ್ನು ಎತ್ತಿ ಅಂಗೈಯಲ್ಲಿ ಹಿಡಿದು 'ಅಮ್ಮಾ, ಇದನ್ನು ಕ್ಲೋರಿನ್‌ಗೆ ಕೊಟ್ಟರೆ ಅದಕ್ಕೆ ಎಂಟಾಗುತ್ತೆ, ಇದಕ್ಕೂ ಹೊರಗಡೆ ಎಂಟೇ ಉಳಿಯುತ್ತೆ' ಅಂದಳು. ಅಡುಗೆಮನೆಯ ಉಪ್ಪು ಹೇಗಾಗುತ್ತೆ ಅಂತ ನಾನು ಹೇಳಿಕೊಡಬೇಕಾಗಲೇ ಇಲ್ಲ. ಅದಕ್ಕೇ ಒಂದೇ ಹಲಗೆ ಕೊಟ್ಟಿದ್ದು ಬೇಜಾರು, ಎರಡಿದ್ದರೆ ಕೊಡುವವನನ್ನೂ ತೆಗೆದುಕೊಳ್ಳುವವನನ್ನೂ ಪಕ್ಕಪಕ್ಕ ಇಡಬಹುದಿತ್ತು.

ತೊಂದರೆ ಇರುವುದು ಜೊತೆಗೆ ಬರುವ ಪುಸ್ತಕದಲ್ಲಿ. ಒಂದು ಕವಚದಲ್ಲಿ ಹೆಚ್ಚೆಂದರೆ ಎಷ್ಟು ಎಲೆಕ್ಟ್ರಾನ್ ಹಿಡಿಯುತ್ತೆ ಅನ್ನುವುದಕ್ಕೆ ಕವಚದ ಸಂಖ್ಯೆಯ ವರ್ಗವನ್ನು ಎರಡರಿಂದ ಗುಣಿಸಿ ಅಂತ ಮಾತ್ರ ಬರೆದಿದ್ದಾರೆ, ಅಂದರೆ 2, 8, 18. ಹಲಗೆಯ ಮೂರನೇ ಸುತ್ತಿನಲ್ಲೂ 18 ಗುಳಿ ಇವೆ. ಮಗು ಏನು ಮಾಡುತ್ತೆ ಹೇಳಿ? ಪೊಟ್ಯಾಸಿಯಂನ 19 ಎಲೆಕ್ಟ್ರಾನ್‌ಗಳನ್ನು 2, 8, 9 ಅಂತ ಇಟ್ಟಳು. ಜಾಗ ಖಾಲಿ ಇದೆಯಲ್ಲ, ಅವಳ ತಪ್ಪೇನೂ ಇಲ್ಲ. ಸರಿಯಾದದ್ದು 2, 8, 8, 1. ತೀರಾ ಹೊರಗಿನ ಕವಚದಲ್ಲಿ ಎಂಟಕ್ಕಿಂತ ಜಾಸ್ತಿ ಇರುವುದಿಲ್ಲ ಅನ್ನುವ ಇನ್ನೊಂದು ನಿಯಮವನ್ನು ಪುಸ್ತಕ ಹೇಳಿಯೇ ಇಲ್ಲ! 18 ಅನ್ನುವುದು ಸುಳ್ಳಲ್ಲ, ಆದರೆ ಮೂರನೇ ಕವಚಕ್ಕೆ ಒಂಬತ್ತನೆಯದು ಬರುವುದು ನಾಲ್ಕನೆಯದರಲ್ಲಿ ಎರಡು ಕೂತ ಮೇಲೆ, 21ನೇ ಧಾತು ಸ್ಕ್ಯಾಂಡಿಯಂನಲ್ಲಿ: 2, 8, 9, 2. ಈ ಕಿಟ್ ಕ್ಯಾಲ್ಸಿಯಂಗೇ, ಅಂದರೆ 20ಕ್ಕೇ ನಿಲ್ಲುತ್ತೆ.

ಇನ್ನೊಂದು ಕೊರತೆ ಆರ್ಗಾನ್ ಮಾಡುವಾಗ ಗೊತ್ತಾಯಿತು. ಅದರ ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಲೆಕ್ಕ) 40, ಪ್ರೋಟಾನ್ 18, ಹಾಗಾಗಿ ನ್ಯೂಟ್ರಾನ್ 22 ಬೇಕು. ಬಿಳಿ ಮಣಿ 20 ಮಾತ್ರ. ಮಗಳು ಡಬ್ಬಿಯಿಂದ ಎರಡು ಹುಣಸೆ ಬೀಜ ತಂದು ಹಾಕಿದಳು.

ಅಳತೆಯ ಬಗ್ಗೆ ಮಾತ್ರ ನೀವೇ ಬಾಯಿಬಿಟ್ಟು ಹೇಳಬೇಕು. ನ್ಯೂಕ್ಲಿಯಸ್ ಪರಮಾಣುವಿಗಿಂತ ಸುಮಾರು ಲಕ್ಷ ಪಟ್ಟು ಚಿಕ್ಕದು. ಒಂದು ಸೆಂಟಿಮೀಟರ್ ಗೋಲಿಯನ್ನು ನ್ಯೂಕ್ಲಿಯಸ್ ಅಂದುಕೊಂಡರೆ ಪರಮಾಣುವಿನ ಅಗಲ ಒಂದು ಕಿಲೋಮೀಟರ್ ಆಗುತ್ತೆ. ಇದನ್ನು ಯಾವ ಹಲಗೆಯೂ ತೋರಿಸಲಾರದು. ಎಲೆಕ್ಟ್ರಾನ್ ಹೀಗೆ ಗುಳಿಯಲ್ಲಿ ಕೂತಿರುವುದೂ ಇಲ್ಲ. ಇದು ವಿಜ್ಞಾನಿ ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಮಾದರಿ, ಹೈಸ್ಕೂಲಿಗೆ ಸಾಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ತಯಾರಿಸುವವರು ಓದುತ್ತಿದ್ದರೆ ದಯವಿಟ್ಟು ಎರಡು ಬಿಳಿ ಮಣಿ ಜಾಸ್ತಿ ಹಾಕಿ, ಪುಸ್ತಕಕ್ಕೆ ಆ ಎಂಟರ ನಿಯಮ ಸೇರಿಸಿ. ಅಲ್ಲಿಯವರೆಗೆ ಕೊಳ್ಳುವವರು ಮೂರನೇ ಸುತ್ತಿನ ಎಂಟನೇ ಗುಳಿಯ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳಿ, ನಾವು ಹಾಗೇ ಮಾಡಿಕೊಂಡಿದ್ದೇವೆ.