ಹೊತ್ತೊಯ್ಯಬಹುದಾದ ಜಲಜನಕ ಯಂತ್ರ: ಅನಿಲಕ್ಕೆ ಪೂರ್ಣ ಅಂಕ, ಕೊಳವೆಗೆ ಸೊನ್ನೆ

ಮೇಲಿನ ಗಾಳಿಯನ್ನು ಅಳೆಯುವ ಪೈಲಟ್ ಬಲೂನು ತುಂಬಿಸುವುದಕ್ಕೆಂದು ನಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗವು ಜಲಜನಕ ಉತ್ಪಾದಿಸುವ ಯಂತ್ರವೊಂದನ್ನು ಕೊಂಡಿದೆ. ನಾನು ಅಲ್ಲಿ ಪ್ರಯೋಗಾಲಯದ ಬೋಧಕಿ. ಖರೀದಿ ಕಡತಕ್ಕೆ ಟಿಪ್ಪಣಿ ಬರೆದವಳೂ ನಾನೇ, ಯಂತ್ರವನ್ನು ಚಿತ್ರದುರ್ಗದ ಹೊರಗಿನ ಬಯಲಿಗೆ ಹೊರಿಸಿಕೊಂಡು ಹೋಗಿ ಬೇಸಿಗೆಯಿಂದ ಮುಂಗಾರಿನ ನಡುವಿನವರೆಗೆ ದುಡಿಸಿದವಳೂ ನಾನೇ. ತಯಾರಕರ ಹೆಸರು ಬರೆಯುವುದಿಲ್ಲ. ನಾನು ದರಪಟ್ಟಿ ತರಿಸಿಕೊಂಡ ಯಂತ್ರಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಾಗಾಗಿ ಯಾವುದನ್ನು ಕೊಳ್ಳುವವರಿಗೂ ಇದರಲ್ಲಿ ಕೆಲಸಕ್ಕೆ ಬರುವ ಮಾತು ಸಿಕ್ಕೀತು.

ಮೊದಲು ನಮಗೆ ಬೇಕಾಗಿದ್ದುದು ಏನೆಂದು ಹೇಳಿಬಿಡುತ್ತೇನೆ. ಪೈಲಟ್ ಬಲೂನಿಗೆ ಉಪಕರಣವಿಲ್ಲ, ರೇಡಿಯೊ ಇಲ್ಲ. ಮೂವತ್ತು ಗ್ರಾಂ ತೂಕದ ರಬ್ಬರು, ಒಳಗೆ ಅನಿಲ, ಅಷ್ಟೇ. ಅದು ನಿಮಿಷಕ್ಕೆ ಸುಮಾರು 180 ಮೀಟರ್‌ನಂತೆ ಮೇಲೇರುತ್ತದೆ ಎಂದು ಹಿಡಿದು, ಕೋನ ಅಳೆಯುವ ದುರ್ಬೀನಾದ ಥಿಯೊಡೊಲೈಟ್‌ನಲ್ಲಿ ಕೋನಗಳನ್ನು ಓದುತ್ತಾ ಹೋದರೆ ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಗೆ ಎಷ್ಟು ಬೀಸುತ್ತಿದೆ ಎಂಬುದು ಸಿಗುತ್ತದೆ. ಮುಂಗಾರಿನಲ್ಲಿ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ನುಗ್ಗುವ ವೇಗದ ಗಾಳಿಯ ಪಟ್ಟಿಯೊಂದಿದೆ. ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಪುಸ್ತಕದ ಚಿತ್ರದಲ್ಲಲ್ಲ, ಅವರದೇ ಲೆಕ್ಕದ ಹಾಳೆಯಲ್ಲಿ ತೋರಿಸಬೇಕೆಂಬುದು ಆಸೆ.

ಹೀಲಿಯಂ ಏಕೆ ಬೇಡವಾಯಿತು? ದೇಶಕ್ಕೆ ಬೇಕಾದ ಹೀಲಿಯಂನಲ್ಲಿ ಬಹುಪಾಲು ಹೊರಗಿನಿಂದ ಬರಬೇಕು, ಅದರ ಬೆಲೆ ವಿಭಾಗದ ವರ್ಷದ ಅನುದಾನವನ್ನು ಒಂದೇ ತುತ್ತಿಗೆ ನುಂಗುತ್ತದೆ. ಜಲಜನಕದ ಸಿಲಿಂಡರ್ ಅಗ್ಗ, ಆದರೆ ಅರವತ್ತು ಕಿಲೋದ ಆ ಕೆಂಪು ಉಕ್ಕಿನ ಕಂಬವನ್ನು ನಗರದಿಂದ ಬಯಲಿಗೆ ಸಾಗಿಸಲು ನಿಯಮಬದ್ಧ ವಾಹನ ಬೇಕು, ಖಾಲಿಯಾದ ಮೇಲೆ ವಾಪಸು ಕಳಿಸಲು ಮತ್ತೆ ಅದೇ ತಾಪತ್ರಯ. ಇನ್ನು ಜಾತ್ರೆಗಳಲ್ಲಿ ಹಳೆಯ ಸಿಲಿಂಡರಿನೊಳಗೆ ರಾಸಾಯನಿಕ ಸುರಿದು ಅನಿಲ ತಯಾರಿಸುವ ಬಲೂನು ಮಾರಾಟಗಾರರ ವಿಧಾನ. ಅದು ಸಿಡಿದು ಜನ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇವೆ. ಅದರ ಮಾತೇ ಬೇಡ. ಉಳಿದದ್ದು ನೀರನ್ನು ವಿದ್ಯುತ್ತಿನಿಂದ ಒಡೆಯುವ ಈ ಪೆಟ್ಟಿಗೆ.

ಪೆಟ್ಟಿಗೆಯ ಹೃದಯ ಪ್ರೋಟಾನ್ ವಿನಿಮಯ ಪೊರೆ, ಅಂದರೆ ಜಲಜನಕದ ಅಯಾನುಗಳನ್ನು ದಾಟಿಸುವ ತೆಳು ಹಾಳೆ. ಕ್ಷಾರವಿಲ್ಲ, ಆಮ್ಲವಿಲ್ಲ, ಬರಿಯ ಶುದ್ಧ ನೀರು. ಒಂದು ಕಡೆ ಜಲಜನಕ, ಇನ್ನೊಂದು ಕಡೆ ಅದರ ಅರ್ಧದಷ್ಟು ಆಮ್ಲಜನಕ. ಈ ಭಾಗದ ಬಗ್ಗೆ ನನ್ನ ತಕರಾರು ಬಹಳ ಕಡಿಮೆ. ಕರಪತ್ರದಲ್ಲಿ ನಿಮಿಷಕ್ಕೆ ನಾಲ್ಕು ಲೀಟರ್ ಎಂದಿತ್ತು. ಅಳೆಯಲು ದುಬಾರಿ ಮಾಪಕ ಬೇಕಿಲ್ಲ: ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನನ್ನು ತುಂಬಿಸಿ, ನೀರಿನ ತೊಟ್ಟಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಕೊಳವೆಯ ತುದಿಯನ್ನು ಬಾಯೊಳಗೆ ತೂರಿಸಿ ಗಡಿಯಾರ ನೋಡಿದರೆ ಸಾಕು. ಕ್ಯಾನು ಖಾಲಿಯಾಗಲು ಐದೂವರೆ ನಿಮಿಷ. ಅಂದರೆ ನಿಮಿಷಕ್ಕೆ ಮೂರೂವರೆ ಲೀಟರಿಗಿಂತ ತುಸು ಮೇಲೆ. ಮಾರಾಟ ಪ್ರತಿನಿಧಿ ಫೋನಿನಲ್ಲಿ, ‘ಹೆಚ್ಚುಕಡಿಮೆ ನಾಲ್ಕೇ ಆಯಿತಲ್ಲ ಮೇಡಂ’ ಎಂದರು. ಆಗಲಿಲ್ಲ. ಕರಪತ್ರದ ಲೀಟರು ಸೊನ್ನೆ ಡಿಗ್ರಿಯ, ಸಮುದ್ರಮಟ್ಟದ ಒತ್ತಡದ ಲೀಟರು. ಏಳುನೂರು ಮೀಟರಿಗೂ ಎತ್ತರದ ನಮ್ಮ ಊರಿನಲ್ಲಿ, ಮೂವತ್ತು ಡಿಗ್ರಿ ಸೆಕೆಯಲ್ಲಿ, ಅದೇ ಅನಿಲ ಐದನೇ ಒಂದು ಭಾಗದಷ್ಟು ಉಬ್ಬಿ ನಾಲ್ಕು ಮುಕ್ಕಾಲು ಲೀಟರ್ ಆಗಬೇಕಿತ್ತು. ಕೊರತೆ ಕಾಲುಭಾಗ. ಇದನ್ನು ಲೆಕ್ಕಸಹಿತ ಬರೆದು ಕಳಿಸಿದ ಮೇಲೆ ಅವರ ದನಿ ಬದಲಾಯಿತು, ತಂತ್ರಜ್ಞ ಬಂದು ವಿದ್ಯುತ್ ಪೂರೈಕೆಯ ಭಾಗವನ್ನು ಬದಲಿಸಿದ. ಸ್ವಲ್ಪ ಸುಧಾರಿಸಿತು, ನಾಲ್ಕು ಮುಕ್ಕಾಲು ಇಂದಿಗೂ ಮುಟ್ಟಿಲ್ಲ.

ನಮ್ಮ ಎತ್ತರದಲ್ಲಿ ಒಂದು ಲೀಟರ್ ಜಲಜನಕ ಹೆಚ್ಚುಕಡಿಮೆ ಒಂದು ಗ್ರಾಂ ಎತ್ತುತ್ತದೆ. ಬಲೂನಿನ ತೂಕ ಮೂವತ್ತು, ಮೇಲೇರುವ ಬಲಕ್ಕೆ ಸುಮಾರು ನೂರಾ ನಲವತ್ತು. ಒಟ್ಟು ನೂರಾ ಎಪ್ಪತ್ತು ಗ್ರಾಂ, ಅಂದರೆ ಅಷ್ಟೇ ಲೀಟರ್. ಮುಕ್ಕಾಲು ಗಂಟೆಯ ಕೆಲಸ, ಒಂದು ಯುನಿಟ್‌ಗಿಂತ ಕಡಿಮೆ ವಿದ್ಯುತ್, ಸಣ್ಣ ಲೋಟದಷ್ಟು ನೀರು. ಖರ್ಚಿನ ಲೆಕ್ಕದಲ್ಲಿ ಇದಕ್ಕೆ ಎದುರಿಲ್ಲ.

ಆದರೆ ಆ ಸಣ್ಣ ಲೋಟದ ನೀರು ಯಾವುದು? ‘ಆರ್‌ಓ ನೀರು ಹಾಕಿದರೆ ನಡೆಯುತ್ತದೆ’ ಎಂದು ಅಂಗಡಿಯವರೂ ಹೇಳುತ್ತಾರೆ, ಕಚೇರಿಯವರೂ ಹೇಳುತ್ತಾರೆ. ನಡೆಯುವುದಿಲ್ಲ. ಕುಡಿಯಲು ಚೆನ್ನಾಗಿರುವ ನೀರಿನಲ್ಲಿ ಉಳಿದಿರುವ ಲವಣವೇ ಪೊರೆಯನ್ನು ಕೊಲ್ಲಲು ಸಾಕು. ಡಿಸ್ಟಿಲ್ಡ್ ಎಂದು ಚೀಟಿ ಅಂಟಿಸಿಕೊಂಡು ಮಾರುವ ಬ್ಯಾಟರಿ ನೀರೂ ನಂಬಿಕಸ್ಥವಲ್ಲ. ಒಂದೇ ಅಂಗಡಿಯ ಎರಡು ಕ್ಯಾನುಗಳಲ್ಲಿ, ನೀರಿನಲ್ಲಿರುವ ಲವಣದ ಸುಳಿವು ಕೊಡುವ ವಾಹಕತೆಯ ಮಾಪಕ ಎರಡು ಬಗೆಯ ಅಂಕಿ ತೋರಿಸಿತು. ಯಂತ್ರದೊಳಗೆ ಎಚ್ಚರಿಕೆಯ ಕೆಂಪು ದೀಪವಿದೆ, ಅದು ಪ್ರಾಮಾಣಿಕವಾಗಿ ಹೊತ್ತಿಕೊಳ್ಳುತ್ತದೆ. ಈ ಒಂದು ವಿಷಯಕ್ಕೆ ತಯಾರಕರಿಗೆ ಶಹಬ್ಬಾಸ್. ಈಗ ರಸಾಯನಶಾಸ್ತ್ರ ವಿಭಾಗದಿಂದ ಅಯಾನು ತೆಗೆದ ನೀರನ್ನು ಗಾಜಿನ ಸೀಸೆಯಲ್ಲಿ ಒಯ್ಯುತ್ತೇವೆ.

ಇನ್ನು ನನ್ನ ನಿಜವಾದ ದೂರು. ಈ ಪೆಟ್ಟಿಗೆಯನ್ನು ರೂಪಿಸಿದವರು ಪ್ರಯೋಗಾಲಯದ ಮೇಜಿನ ಪಕ್ಕ ಕೂತು ರೂಪಿಸಿದ್ದಾರೆ. ಅನಿಲ ಪೆಟ್ಟಿಗೆಯ ಬಾಯಿಂದ ಹೊರಬಿದ್ದ ಕೂಡಲೇ ಅವರ ಆಸಕ್ತಿ ಮುಗಿದಿದೆ. ಅಲ್ಲಿಂದ ಬಲೂನಿನ ಕತ್ತಿನವರೆಗಿನ ಮೂರು ಮೀಟರ್ ನಮ್ಮ ಪಾಲಿಗೆ ಬಿಟ್ಟಿದ್ದಾರೆ. ಕೆಲಸ ಕೆಟ್ಟದ್ದೆಲ್ಲ ಆ ಮೂರು ಮೀಟರಿನಲ್ಲೇ.

ಜಲಜನಕ ಹೊರಬರುವುದು ಬೆಚ್ಚಗೆ, ತೇವ ತುಂಬಿಕೊಂಡು. ಮುಂಜಾನೆಯ ತಂಪಿನಲ್ಲಿ ಜೊತೆಗೆ ಬಂದ ಪಾರದರ್ಶಕ ಕೊಳವೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಬೆವರತೊಡಗುತ್ತದೆ. ಹನಿಗಳು ಕೂಡಿ ಹರಿದು ಕೊಳವೆ ಜೋತ ಕಡೆ ಮಡುಗಟ್ಟುತ್ತವೆ, ಅನಿಲ ಆ ನೀರನ್ನು ಗುಳುಗುಳು ಎನ್ನಿಸುತ್ತಾ ಮುಂದೆ ತಳ್ಳುತ್ತದೆ. ಆವಿಯಿಂದ ಇಳಿದ ನೀರು ಒಂದು ಬಲೂನಿಗೆ ನಾಲ್ಕೈದು ಗ್ರಾಂ ಇದ್ದೀತು, ದೊಡ್ಡದೇನಲ್ಲ. ಪೆಟ್ಟಿಗೆಯನ್ನು ಓರೆ ನೆಲದಲ್ಲಿ ಇಟ್ಟಾಗ ಮಾತ್ರ ಒಳಗಿನ ನೀರು ಬೇರ್ಪಡಿಸುವ ಬಟ್ಟಲೇ ಉಕ್ಕಿ, ಎರಡು ದೊಡ್ಡ ಚಮಚ ನೀರು ನೇರವಾಗಿ ಬಲೂನಿಗೆ ಹೋಗುತ್ತದೆ. ಮೂವತ್ತು ಗ್ರಾಂ ಬಲೂನಿಗೆ ಅದರಷ್ಟೇ ತೂಕದ ನೀರು! ಸಮಯ ನೋಡಿ ಅನಿಲ ತುಂಬಿಸಿದರೆ ಇಂಥ ಬಲೂನು ನಿಧಾನವಾಗಿ ಏರುತ್ತದೆ. ನಾವು ಮಾತ್ರ 180 ಮೀಟರ್ ಎಂದೇ ಲೆಕ್ಕ ಹಾಕುತ್ತಿರುತ್ತೇವೆ. ಏರಿಕೆ ಶೇಕಡಾ ಹತ್ತು ಕಡಿಮೆಯಾದರೆ ಗಾಳಿಯ ವೇಗ ಹಾಳೆಯ ಮೇಲೆ ಶೇಕಡಾ ಹನ್ನೊಂದರಷ್ಟು ಹೆಚ್ಚಾಗಿ ಕಾಣುತ್ತದೆ. ಇಲ್ಲದ ಬಿರುಗಾಳಿಯನ್ನು ನಾವೇ ಬೀಸಿದಂತೆ.

ಇದು ಹೊಸ ತೊಂದರೆಯೂ ಅಲ್ಲ. 1783ರ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ವಿಜ್ಞಾನಿ ಜಾಕ್ ಶಾರ್ಲ್ ಮೊದಲ ಜಲಜನಕ ಬಲೂನನ್ನು ಹಾರಿಸಿದಾಗ ಕಬ್ಬಿಣದ ಮೇಲೆ ಗಂಧಕಾಮ್ಲ ಸುರಿದು ಅನಿಲ ತಯಾರಿಸಿ, ಸೀಸದ ಕೊಳವೆಗಳಲ್ಲಿ ಹಾಯಿಸಿದ್ದರು. ತಣ್ಣೀರಿನಲ್ಲಿ ಹಾಯಿಸದೆ ಬಿಸಿಯಾಗಿಯೇ ಬಿಟ್ಟ ಅನಿಲ ಬಲೂನಿನೊಳಗೆ ಆರಿ ಕುಗ್ಗುತ್ತಿತ್ತು, ತುಂಬಿಸುವುದೇ ಹರಸಾಹಸವಾಯಿತು. ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿದಾಗ ಜನ ಹೆದರಿ ಕವೆಗೋಲಿನಿಂದ ಇರಿದು ಹರಿದುಹಾಕಿದರು. ಇನ್ನೂರ ನಲವತ್ತು ವರ್ಷಗಳ ಹಿಂದೆಯೇ ಕೊಳವೆಯಲ್ಲಿ ಎಡವಿದ್ದ ವಿದ್ಯೆ ಇದು. ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯ ಜೊತೆ ಒಂದು ತಂಪು ಸುರುಳಿ ಕೊಡಬಾರದೇ?

ನಾವೇ ಮಾಡಿಕೊಂಡೆವು. ತಾಮ್ರದ ತೆಳು ಕೊಳವೆಯ ಸುರುಳಿಯೊಂದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಅದರ ಕೆಳತುದಿಗೆ ನೀರು ಇಳಿಸಿಕೊಳ್ಳುವ ಸಣ್ಣ ಸೀಸೆ, ಆಮೇಲೆ ನೀಲಿ ಸಿಲಿಕಾ ಜೆಲ್ ತುಂಬಿದ ಕೊಳವೆ. ತೇವ ಹೀರಿದಂತೆಲ್ಲ ಜೆಲ್ ಕೆಳಗಿನಿಂದ ಗುಲಾಬಿಯಾಗುತ್ತಾ ಬರುತ್ತದೆ. ಸುರುಳಿ ಸರಿಯಾಗಿ ಕೆಲಸ ಮಾಡಿದ ದಿನ ಆ ಗುಲಾಬಿ ಗೆರೆ ಬೆರಳಿನ ಅಗಲವೂ ಏರಿರುವುದಿಲ್ಲ. ಜೊತೆಗೆ ಪೆಟ್ಟಿಗೆಯ ನೆತ್ತಿಗೆ ಗಾರೆಯವರು ಬಳಸುವ ಮಟ್ಟದ ಗಾಜು ಅಂಟಿಸಿದ್ದೇನೆ. ಗುಳ್ಳೆ ನಡುವೆ ನಿಲ್ಲದೆ ಗುಂಡಿ ಒತ್ತುವಂತಿಲ್ಲ.

ಯಂತ್ರದಲ್ಲಿರುವ ‘ಸ್ವಯಂಚಾಲಿತ ನಿಲುಗಡೆ’ ಎಂಬ ಗಡಿಯಾರವನ್ನು ಮರೆತುಬಿಡಿ. ಪೈಲಟ್ ಬಲೂನು ತುಂಬಿಸುವ ಹಳೆಯ ಪದ್ಧತಿಯೇ ಸರಿ: ತುಂಬಿಸುವ ಮೂತಿಗೇ ಬೇಕಾದಷ್ಟು ತೂಕ ಕಟ್ಟಿ, ಬಲೂನು ಅದನ್ನು ಗಾಳಿಯಲ್ಲಿ ಏರದೆ ಇಳಿಯದೆ ಹಿಡಿದು ನಿಲ್ಲುವವರೆಗೆ ಅನಿಲ ಬಿಡುವುದು. ಹಿತ್ತಾಳೆಯ ಮೂತಿಯನ್ನು ಪಟ್ಟಣದ ಲೇತ್ ಕೆಲಸದ ಮೇಸ್ತ್ರಿಯೊಬ್ಬರು ಕಡೆದುಕೊಟ್ಟರು. ಗ್ರಾಂ ಲೆಕ್ಕದಲ್ಲಿ ಬೇಕೆಂದಾಗ, ‘ಚಿನ್ನದ ಕೆಲಸ ಅಂತ ಮೊದಲೇ ಹೇಳಬಾರದಾ ಅಕ್ಕ’ ಎಂದು ನಕ್ಕರೂ, ತಕ್ಕಡಿಯಲ್ಲಿ ಕೂರಿಸಿ ಕೂರಿಸಿ ಅರೆದುಕೊಟ್ಟರು. ಕೊಳವೆಯಲ್ಲಿ ನೀರು ನಿಂತಿದ್ದರೆ ಈ ಪದ್ಧತಿಯೂ ಮೋಸ ಹೋಗುತ್ತದೆ; ಮೂತಿ ಭಾರವಾಗಿ, ಬಲೂನು ಹೆಚ್ಚು ಅನಿಲ ಕುಡಿದು, ಬೇಕಾದುದಕ್ಕಿಂತ ಬೇಗ ಏರಿ, ಗಾಳಿ ಕಡಿಮೆ ಎಂದು ಸುಳ್ಳು ಹೇಳುತ್ತದೆ.

ಸುರಕ್ಷತೆಯ ವಿಷಯದಲ್ಲಿ ನನಗೆ ಸಿಟ್ಟು ಬಂದದ್ದು ಹಿಂಬದಿಯ ಫಲಕವನ್ನು ನೋಡಿದಾಗ. ಆಮ್ಲಜನಕ ಹೊರಹೋಗುವ ತೂತು, ಹೆಚ್ಚುವರಿ ಜಲಜನಕ ಹೊರಹೋಗುವ ತೂತು, ಎರಡೂ ಒಂದು ಗೇಣಿನ ಅಂತರದಲ್ಲಿ! ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುವ, ಕೈಗೆ ಅರಿವಿಗೇ ಬಾರದಷ್ಟು ಸಣ್ಣ ಕಿಡಿಯೂ ಸಾಕಾಗುವ ಅನಿಲ ಇದು. ಹಗಲಿನಲ್ಲಿ ಇದರ ಉರಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಆಮ್ಲಜನಕದ ತೂತಿಗೆ ಬೇರೆ ಕೊಳವೆ ಜೋಡಿಸಿ ಗಾಳಿ ಹೋಗುವ ದಿಕ್ಕಿಗೆ ದೂರ ಒಯ್ದಿದ್ದೇವೆ, ಜಲಜನಕದ್ದನ್ನು ಕೋಲಿಗೆ ಕಟ್ಟಿ ತಲೆಗಿಂತ ಎತ್ತರಕ್ಕೆ ಏರಿಸಿದ್ದೇವೆ.

ಜೊತೆಗೆ ಬಂದ ಗುಡಾರ ಇನ್ನೊಂದು ವಿಚಿತ್ರ. ಗಾಳಿಗೆ ಬಲೂನು ಹೊಡೆದಾಡದಿರಲು ಮರೆ ಬೇಕು, ನಿಜ. ಆದರೆ ಗೋಪುರದಂತೆ ಮೇಲೆ ಚೂಪಾಗಿ, ನಾಲ್ಕೂ ಕಡೆ ಮುಚ್ಚಿದ ಪಾಲಿಯೆಸ್ಟರ್ ಗುಡಾರ? ಸೋರಿದ ಜಲಜನಕವೆಲ್ಲ ಆ ಚೂಪಿನಲ್ಲಿ ಸೇರಿ ಕೂರುತ್ತದೆ, ಬಟ್ಟೆ ಉಜ್ಜಿದರೆ ಸ್ಥಾಯಿ ವಿದ್ಯುತ್ತಿನ ಕಿಡಿ. ಅದನ್ನು ಮಡಿಚಿ ಕಪಾಟಿಗೆ ಹಾಕಿದೆ. ಈಗಿನದು ಮೂರು ಕಡೆ ದಪ್ಪ ಹತ್ತಿಯ ಕ್ಯಾನ್ವಾಸಿನ ಗೋಡೆ, ಮೇಲೆ ಬರಿಯ ಆಕಾಶ. ನೆಲಕ್ಕೆ ನೀರು ಚಿಮುಕಿಸಿದ ಗೋಣಿತಾಟು. ಮೂತಿಯಿಂದ ತಂತಿ ಎಳೆದು, ಹಸಿ ಮಣ್ಣಿಗೆ ಹೊಡೆದ ಕಬ್ಬಿಣದ ಗೂಟಕ್ಕೆ ಜೋಡಿಸಿ ಭೂಸಂಪರ್ಕ. ಪ್ಲಾಸ್ಟಿಕ್ ಕೊಳವೆಯ ಜಾಗಕ್ಕೆ ವಿದ್ಯುತ್ ಹರಿಯಬಲ್ಲ ಕರಿ ರಬ್ಬರಿನ ಕೊಳವೆ. ತುಂಬಿಸುವವರಿಗೆ ಹತ್ತಿಯ ಬಟ್ಟೆ ಕಡ್ಡಾಯ, ಮೊಬೈಲ್ ಜೀಪಿನಲ್ಲೇ. ಶುರುವಿನ ಅನಿಲವನ್ನು ಬಲೂನಿಗೆ ಬಿಡದೆ ಹೊರಗೆ ಹೋಗಲು ಬಿಡುತ್ತೇವೆ, ಕೊಳವೆಯೊಳಗಿನ ಗಾಳಿ ಬೆರೆಯದಿರಲಿ ಎಂದು. ಲಾರಿಯ ಟ್ಯೂಬಿನಲ್ಲಿ ಮೊದಲೇ ಅನಿಲ ತುಂಬಿಸಿಟ್ಟುಕೊಂಡರೆ ಸಮಯ ಉಳಿಯುತ್ತದಲ್ಲ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಟ್ಯೂಬಿನೊಳಗೆ ಉಳಿದಿರುವ ಗಾಳಿ ಏನಾಗುತ್ತದೆ ಎಂದು ನಾನು ಕೇಳಿದೆ. ಆಮೇಲೆ ಆ ಮಾತು ಬರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಹೊಲದ ಯಜಮಾನರು ಬೀಡಿ ಸೇದುತ್ತಾ ನೋಡಲು ಬರುತ್ತಿದ್ದರು. ನಮ್ಮ ಅಟೆಂಡರ್ ಓಡಿಹೋಗಿ, ‘ಅಜ್ಜ, ಅದನ್ನು ಬದುವಿನ ಆಚೆಯೇ ಮುಗಿಸಿ ಬನ್ನಿ’ ಎಂದು ಕೈಮುಗಿಯಬೇಕಾಗುತ್ತಿತ್ತು. ಅಜ್ಜನ ಅನುಮಾನ ಬೇರೆಯೇ. ‘ಗುಡ್ಡದ ಮೇಲೆ ಗಾಳಿಯಂತ್ರ ಬಂದ ಮೇಲೆ ಮೋಡ ನಿಲ್ಲುತ್ತಿಲ್ಲ. ಇದು ಮಳೆ ಕರೆಯುವ ಬಲೂನೋ, ಓಡಿಸುವ ಬಲೂನೋ, ನಿಜ ಹೇಳಮ್ಮ’ ಎಂದರು. ಥಿಯೊಡೊಲೈಟಿಗೆ ಕಣ್ಣಿಡಲು ಕೊಟ್ಟೆ. ಬಿಳಿ ಚುಕ್ಕೆ ಪೂರ್ವಕ್ಕೆ ಜಾರುತ್ತಿರುವುದನ್ನು ನೋಡಿ, ‘ಇದು ಹಿರಿಯೂರಿನವರ ಪಾಲಿಗೆ ಹೋಯಿತು ಬಿಡು’ ಎಂದು ತೀರ್ಪು ಕೊಟ್ಟರು.

ಉಳಿದ ಸಣ್ಣಪುಟ್ಟವು: ಪೆಟ್ಟಿಗೆಯ ಗಾಲಿಗಳು ಆಸ್ಪತ್ರೆಯ ನುಣುಪು ನೆಲಕ್ಕೆ ತಕ್ಕವು, ಮಳೆ ಬಿದ್ದ ಎರೆಮಣ್ಣಿನಲ್ಲಿ ಹೂತೇ ಹೋಗುತ್ತವೆ, ಸೈಕಲ್ ಚಕ್ರದ ಗಾಡಿ ಮಾಡಿಸಿದೆವು. ತಂಪುಗೊಳಿಸುವ ಫ್ಯಾನಿಗೆ ಧೂಳಿನ ಜಾಲರಿ ಇಲ್ಲ, ಏಪ್ರಿಲ್‌ನ ಮಧ್ಯಾಹ್ನ ಬಿಸಿಯೇರಿ ತಾನಾಗಿ ನಿಂತುಬಿಡುತ್ತದೆ. ಕೈಪಿಡಿ ತೆಳ್ಳಗಿದೆ. ರಿಪೇರಿಗೆ ಕರೆದರೆ ಬರುತ್ತಾರೆ, ತಡವಾಗಿ.

ಯಾರು ಕೊಳ್ಳಬಹುದು? ದಿನಕ್ಕೆ ಒಂದೆರಡು ಸಣ್ಣ ಬಲೂನು ಬಿಡುವ ಕಾಲೇಜು, ಕೃಷಿ ಹವಾಮಾನ ಕೇಂದ್ರ, ಸಂಶೋಧನಾ ತಂಡಗಳಿಗೆ ಇದು ಒಳ್ಳೆಯದು. ಹವೆಯನ್ನು ಅಳೆದು ರೇಡಿಯೊದಲ್ಲಿ ಕಳಿಸುವ ರೇಡಿಯೊಸಾಂಡ್ ಉಪಕರಣವನ್ನು ಹೊತ್ತೊಯ್ಯುವ ದೊಡ್ಡ ಬಲೂನಿಗೆ ಘನ ಮೀಟರ್ ಲೆಕ್ಕದಲ್ಲಿ ಅನಿಲ ಬೇಕು. ಈ ಪೆಟ್ಟಿಗೆಯ ಮುಂದೆ ಅರ್ಧ ದಿನ ಕಾಯುವ ತಾಳ್ಮೆ ಇದ್ದವರು ಪ್ರಯತ್ನಿಸಲಿ, ನಾನು ಸಿಲಿಂಡರಿಗೇ ಹೋಗುತ್ತೇನೆ. ಹುಟ್ಟುಹಬ್ಬದ ಬಲೂನಿಗೆ ಆಗುತ್ತದೆಯೇ ಎಂದು ಪರಿಚಯದವರೊಬ್ಬರು ಕೇಳಿದರು. ಮೇಣದಬತ್ತಿ ಹಚ್ಚುವ ಕೋಣೆಗೆ ಜಲಜನಕ ತರುವ ಯೋಚನೆಯನ್ನೇ ಬಿಡಿ ಎಂದೆ.

ತಂಪು ಸುರುಳಿ, ಜಾಲರಿ, ಕರಿ ರಬ್ಬರಿನ ಕೊಳವೆ, ಬೇರೆ ಬೇರೆ ಬದಿಗೆ ಇರುವ ತೂತುಗಳು: ಈ ನಾಲ್ಕನ್ನು ಚಿತ್ರಸಹಿತ ತಯಾರಕರಿಗೆ ಬರೆದಿದ್ದೇನೆ. ಮೊದಲ ಮೂರನ್ನು ಮುಂದಿನ ಮಾದರಿಯಲ್ಲಿ ಸೇರಿಸುತ್ತೇವೆ ಎಂದು ಉತ್ತರ ಬಂತು. ತೂತುಗಳ ಜಾಗ ಬದಲಿಸಲು ಫಲಕದ ಅಚ್ಚನ್ನೇ ಬದಲಿಸಬೇಕಾಗುತ್ತದಂತೆ, ಖರ್ಚು ಹೆಚ್ಚಂತೆ. ವಿಭಾಗಕ್ಕೆ ಎರಡನೆಯ ಯಂತ್ರ ಕೊಳ್ಳುವ ಪ್ರಸ್ತಾವ ನನ್ನ ಮೇಜಿನ ಮೇಲಿದೆ. ಆ ಅಚ್ಚು ಬದಲಾಗುವವರೆಗೆ ಕಡತ ಮುಂದಕ್ಕೆ ಹೋಗುವುದಿಲ್ಲ.