ಪ್ಯಾರಲಾಯ್ಡ್ ಬಿ-72: ಉದುರುವ ಪಳೆಯುಳಿಕೆಗೆ ಸರಿಯಾದ ಅಂಟು

ಬಿರುಕು ಬಿಟ್ಟ ಮೂಳೆ, ಚಿಪ್ಪಿಗೆ ಸೂಪರ್ ಗ್ಲೂ ಹಚ್ಚುವವರೇ ಹೆಚ್ಚು. ಪ್ಯಾರಲಾಯ್ಡ್ ಬಿ-72 ಎಂಬ ಈ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಹರಳು ಅದಕ್ಕಿಂತ ಎಷ್ಟೋ ಮೇಲು: ಎಡವಟ್ಟಾದರೆ ಅಸಿಟೋನ್ ಸವರಿ ತೆಗೆಯಬಹುದು. ಉದುರುವ ಪಳೆಯುಳಿಕೆಯನ್ನು ಗಟ್ಟಿ ಮಾಡಲು 100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ ಸಾಕು; ಮುರಿದ ತುಂಡು ಜೋಡಿಸಲು 40-50 ಗ್ರಾಂ ಬೇಕು. ಹರಳನ್ನು ನೇರ ಸುರಿದರೆ ತಳದಲ್ಲಿ ಮುದ್ದೆಗಟ್ಟುತ್ತದೆ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಗಾಜಿನ ಬಾಟಲಿಯೊಳಗೆ ಇಳಿಬಿಟ್ಟು, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ.

ಮಣ್ಣನ್ನು ಮೆತ್ತನೆ ಬ್ರಷ್‌ನಿಂದ ತೆಗೆದು ಪೂರ್ತಿ ಒಣಗಿಸಿದ ಮೇಲೇ ಹಚ್ಚಿ. ತೇವವಿದ್ದರೆ ಬಿಳಿ ಪೊರೆ ಕೂರುತ್ತದೆ. ಮಳೆಗಾಲದಲ್ಲಂತೂ ಇದರ ಕಾಟ ಜಾಸ್ತಿ. ದ್ರಾವಣ ಮಂದವಾದರೆ ಒಳಗಿಳಿಯದೆ ವಾರ್ನಿಷ್‌ನಂತೆ ಹೊಳೆಯುತ್ತದೆ. ಡ್ರಾಪರ್‌ನಲ್ಲಿ ಹನಿಹನಿಯಾಗಿ ಬಿಟ್ಟು, ಹೀರಿಕೊಳ್ಳುವುದು ನಿಂತಾಗ ನಿಲ್ಲಿಸಿ.

ಕೊರತೆ ಎಂದರೆ ನಿಧಾನ: ಜೋಡಿಸಿದ ತುಂಡನ್ನು ಮರಳಿನಲ್ಲಿ ನಿಲ್ಲಿಸಿ ಒಂದು ದಿನ ಕಾಯಬೇಕು. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡವೇ ಬೇಡ. ಪೈರೈಟ್ ಕೊಳೆತಕ್ಕೆ (ಪಳೆಯುಳಿಕೆಯೊಳಗಿನ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ತೇವದ ಗಾಳಿಗೆ ಕೆಟ್ಟು ಪುಡಿಯಾಗುವುದು) ಮಾತ್ರ ಇದು ಮದ್ದಲ್ಲ.