ಪಿಎಚ್‌ಪಿ ಜೊತೆ 15 ವರ್ಷ: ಬೈಯದೇ ಇರುವುದೇ ಇದರ ದೋಷ

ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಅಡಿಕೆ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. 2010ರಿಂದ ಪಿಎಚ್‌ಪಿ ಅನ್ನುವ ವೆಬ್ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಆಗ ನನ್ನ ಕೈಗೆಟುಕುವ ದರಕ್ಕೆ ಹೋಸ್ಟಿಂಗ್ ಸಿಕ್ಕಿದ್ದು ಇದಕ್ಕೆ ಮಾತ್ರ. ಅಷ್ಟೇ ಕಾರಣ, ಬೇರೇನೂ ಇಲ್ಲ.

ಬೆಂಗಳೂರಿನಲ್ಲಿರುವ ತಂಗಿಯ ಮಗ ಊರಿಗೆ ಬಂದಾಗಲೆಲ್ಲ ನನ್ನ ಲ್ಯಾಪ್‌ಟಾಪ್ ಇಣುಕಿ ನೋಡುತ್ತಾನೆ. "ಮಾವಾ, ನೀವು ಇನ್ನೂ ಇದರಲ್ಲೇ ಇದ್ದೀರಾ?" ಎನ್ನುತ್ತಾನೆ. ಅವನ ದೂರುಗಳೆಲ್ಲ ನಿಜವೇ. ಸ್ಟ್ರಿಂಗಿನೊಳಗೆ, ಅಂದರೆ ಅಕ್ಷರಗಳ ಸಾಲಿನೊಳಗೆ, ಹುಡುಕುವ ಫಂಕ್ಷನ್ನಿಗೆ ಎಲ್ಲಿ ಹುಡುಕಬೇಕು ಅನ್ನುವುದನ್ನು ಮೊದಲು ಕೊಡಬೇಕು, ಏನನ್ನು ಅನ್ನುವುದನ್ನು ಆಮೇಲೆ. ಅರೇಯೊಳಗೆ, ಅಂದರೆ ಪಟ್ಟಿಯೊಳಗೆ, ಹುಡುಕುವಾಗ ಅದು ತಿರುಗಾಮುರುಗಾ. ಒಂದು ಹೆಸರಿನಲ್ಲಿ ಅಡಿಗೆರೆ ಉಂಟು, ಪಕ್ಕದ ಹೆಸರಿನಲ್ಲಿ ಇಲ್ಲ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ಇದನ್ನು ಶುರು ಮಾಡಿದ್ದು ತನ್ನ ಸ್ವಂತ ವೆಬ್ ಪುಟಕ್ಕೆ. ಆಗ ಫಂಕ್ಷನ್‌ಗಳನ್ನು ವಿಂಗಡಿಸುತ್ತಿದ್ದದ್ದು ಹೆಸರಿನ ಉದ್ದದ ಮೇಲೆ, ಅದಕ್ಕೇ ಬೇರೆ ಬೇರೆ ಉದ್ದದ ಹೆಸರು ಇಟ್ಟೆ ಅಂತ ಆ ಮನುಷ್ಯನೇ ಒಮ್ಮೆ ಹೇಳಿಕೊಂಡಿದ್ದಾನೆ. ನಮ್ಮದು ಸಪ್ತಭಾಷೆಗಳ ನಾಡು ಅಂತ ಹೆಮ್ಮೆ ಅಲ್ವಾ? ಹಳೆಯ ಪಿಎಚ್‌ಪಿ ನನಗೆ ಎಂಟನೆಯದನ್ನೂ ತೋರಿಸಿತು. ಜೋಡಿ ಕೋಲನ್ ತಪ್ಪಿದ ಜಾಗದಲ್ಲಿ ಹಾಕಿದರೆ "ಪಾಮಯಿಂ ನೆಕುಡೋತಾಯಿಂ" ಅಂತ ಹೀಬ್ರೂವಿನಲ್ಲಿ ಎರರ್ ಕೊಡುತ್ತಿತ್ತು. 1998ರ ಆವೃತ್ತಿಯನ್ನು ಹೊಸದಾಗಿ ಬರೆದವರಿಬ್ಬರು ಇಸ್ರೇಲಿನವರು.

ಇದಕ್ಕೆಲ್ಲ ಒಗ್ಗಿಕೊಳ್ಳಬಹುದು. ನಾನು ಒಗ್ಗಿಕೊಂಡಿದ್ದೇನೆ. ನನ್ನ ಸಿಟ್ಟು ಬೇರೆ.

ಅದಕ್ಕೆ ಮೊದಲು ನನ್ನ ಬೆಳಿಗ್ಗೆ ಹೇಗಿರುತ್ತದೆ ಹೇಳುತ್ತೇನೆ. ಏಳು ಗಂಟೆಗೆ ಎಕ್ಸಾಂಪ್ ತೆರೆಯುತ್ತೇನೆ, ಲ್ಯಾಪ್‌ಟಾಪಿನಲ್ಲೇ ವೆಬ್ ಸರ್ವರ್, ಡೇಟಾಬೇಸ್ ಎರಡನ್ನೂ ಓಡಿಸುವ ಟೂಲ್ ಅದು. ಅಪಾಚೆ, ಮೈಎಸ್‌ಕ್ಯೂಎಲ್, ಎರಡು ಹೆಸರುಗಳ ಹಿಂದೆ ಹಸಿರು ಬಣ್ಣ ಬರುವಷ್ಟರಲ್ಲಿ ಕಾಫಿ ಬಂದಿರುತ್ತದೆ. ಒಂದು ಸಾಲು ತಿದ್ದುತ್ತೇನೆ. ಕಂಟ್ರೋಲ್ ಎಸ್, ಆಲ್ಟ್ ಟ್ಯಾಬ್, ಎಫ್5. ತಿದ್ದಿದ್ದು ಕಣ್ಣೆದುರು. ಕಂಪೈಲ್ ಇಲ್ಲ, ರೀಸ್ಟಾರ್ಟ್ ಇಲ್ಲ, ಕಾಯುವ ಮಾತೇ ಇಲ್ಲ. ಡಾಲರ್ ಚಿಹ್ನೆ ಒತ್ತಿ ಒತ್ತಿ ಕೀಬೋರ್ಡಿನ ನಾಲ್ಕರ ಗುಂಡಿಯಲ್ಲಿ ಅಂಕಿಯೇ ಅಳಿಸಿಹೋಗಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಯುಪಿಎಸ್ ಕುಂಯ್ ಕುಂಯ್ ಅನ್ನುತ್ತದೆ. ಸೇವ್ ಮಾಡಿ ಜಗಲಿಗೆ ಹೋಗಿ ಕೂರುತ್ತೇನೆ. ಕರೆಂಟು ಬಂದ ಮೇಲೆ ಮತ್ತೆ ಎಫ್5. ಈ ಮೂರು ಗುಂಡಿಗಳ ಲಯ ಕೈಗೆ ಹತ್ತಿದ ಮೇಲೆ ಬೇರೆ ಭಾಷೆ ಹಿಡಿಸುವುದು ಕಷ್ಟ.

ಈಗ ಸಿಟ್ಟಿನ ಮಾತು. ಪಿಎಚ್‌ಪಿ ಬೈಯುವುದಿಲ್ಲ. ನೀವು ಏನು ತಪ್ಪು ಕೊಟ್ಟರೂ "ಆಯ್ತು, ಹೀಗಿರಬಹುದು" ಅಂತ ತಾನೇ ಊಹೆ ಮಾಡಿ ಮುಂದೆ ಹೋಗುತ್ತದೆ.

2019ರಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಗೋದಾಮಿಗೆ ದಾಸ್ತಾನಿನ ಪುಟ ಬರೆದಿದ್ದೆ. ಅವರ ಗೋಣಿಗಳಿಗೆ ಗುರುತು ಉಂಟು. ಹಳೆಯ ಗುರುತುಗಳು ಬರೀ ಅಂಕಿ: 19, 20, 21. ಹೊಸ ಗುರುತಿನಲ್ಲಿ ಸಾಲು, ಇಂಗ್ಲಿಷ್ ಅಕ್ಷರ, ಅಟ್ಟಿ: 2ಎ1, 2ಬಿ1, ಹೀಗೆ. ಒಂದು ಸಂಜೆ ಧನಿಯ ಫೋನ್. "ನಿಮ್ಮ ಕಂಪ್ಯೂಟರಿಗೆ ಪಟೋರ ಯಾವುದು, ಹಳೆ ಚಾಲಿ ಯಾವುದು ಅಂತ ಗೊತ್ತಾಗುವುದಿಲ್ವಾ?" ಪಟೋರ, ಚಾಲಿ ಅಂದರೆ ಬೇರೆ ಬೇರೆ ದರದ ಅಡಿಕೆ. ನೋಡಿದರೆ 2ಇ1ರಲ್ಲಿದ್ದ ಪಟೋರವೆಲ್ಲ 20ರಲ್ಲಿದ್ದ ಹಳೆ ಚಾಲಿಗೆ ಹೋಗಿ ಸೇರಿದೆ. ಚಾಲಿಯ ದರಕ್ಕೇ ಲೆಕ್ಕವೂ ಆಗಿದೆ!

ಮೂರು ರಾತ್ರಿ ಹುಡುಕಿದೆ. ಡೇಟಾಬೇಸ್ ಸರಿ ಇತ್ತು, ಗುಮಾಸ್ತ ಬರೆದದ್ದೂ ಸರಿ ಇತ್ತು. ತಪ್ಪು ಒಂದೇ ಸಾಲಿನಲ್ಲಿ. ಎರಡು ಗುರುತು ಒಂದೇನಾ ಅಂತ ನೋಡಲು ನಾನು ಎರಡು ಸಮಚಿಹ್ನೆ ಹಾಕಿದ್ದೆ. ಎರಡು ಹಾಕಿದರೆ ಪಿಎಚ್‌ಪಿ ಮೊದಲು "ಇದು ಸಂಖ್ಯೆ ಇರಬಹುದಾ?" ಅಂತ ನೋಡುತ್ತದೆ. ನಡುವೆ ಇಂಗ್ಲಿಷಿನ ಇ ಬಂದರೆ ಹತ್ತರ ಘಾತ ಅಂತ ಓದುತ್ತದೆ. ಎರಡು ಗುಣಿಸು ಹತ್ತು, ಇಪ್ಪತ್ತು. ಹಾಗಾಗಿ 2ಇ1 ಮತ್ತು 20 ಒಂದೇ. ಮೂರು ಸಮಚಿಹ್ನೆ ಹಾಕಿದ್ದರೆ ಈ ರಗಳೆಯೇ ಇಲ್ಲ. ಎರಡೂ ಕಡೆ ಕೊಟೇಶನ್ ಹಾಕಿದ ಅಕ್ಷರಗಳೇ ಇದ್ದವು ಮಾರಾಯ್ರೆ, ಇದನ್ನು ಸಂಖ್ಯೆ ಅಂತ ನೋಡು ಅಂತ ಹೇಳಿದವರು ಯಾರು? 2020ರ 8ನೇ ಆವೃತ್ತಿಯಲ್ಲಿ ಸ್ವಲ್ಪ ಬುದ್ಧಿ ಬಂತು. ಅದುವರೆಗೆ ಸೊನ್ನೆಯೂ "ಅಡಿಕೆ" ಅನ್ನುವ ಪದವೂ ಒಂದೇ ಅನ್ನುತ್ತಿತ್ತು, ಅದು ನಿಂತಿತು. 2ಇ1 ಮಾತ್ರ ಇವತ್ತಿಗೂ 20.

ಕನ್ನಡದ ವಿಷಯದಲ್ಲೂ ಇದೇ ಬುದ್ಧಿ. ಚೀಟಿಯಲ್ಲಿ ಹೆಸರಿಗೆ 20 ಅಕ್ಷರದ ಜಾಗ ಸಾಕು ಅಂತ ಲೆಕ್ಕ ಹಾಕಿ, ಉದ್ದ ಇದ್ದರೆ ಕತ್ತರಿಸುವ ಹಾಗೆ ಬರೆದಿದ್ದೆ. "ಕಾಸರಗೋಡು" ಅನ್ನುವುದು ನಮಗೆ ಐದು ಅಕ್ಷರ. ಪಿಎಚ್‌ಪಿಯ ಮಾಮೂಲಿ ಎಣಿಕೆಯಲ್ಲಿ 24! ಅದು ಎಣಿಸುವುದು ಬೈಟುಗಳನ್ನು. ಯೂನಿಕೋಡಿನಲ್ಲಿ ಕ ಒಂದು, ದೀರ್ಘದ ಗುರುತು ಇನ್ನೊಂದು, ಹೀಗೆ ಎಂಟು ತುಂಡು. ಒಂದೊಂದಕ್ಕೆ ಮೂರು ಬೈಟು. 20ಕ್ಕೆ ಕತ್ತರಿಸಿದರೆ "ಕಾಸರಗೋ" ಆದ ಮೇಲೆ ಡ-ಕಾರದ ಮುಕ್ಕಾಲು ಭಾಗವೂ ಇಲ್ಲದ ಒಂದು ಚೂರು ಉಳಿಯುತ್ತದೆ. ಅದು ಚೀಟಿಯಲ್ಲಿ ಪ್ರಶ್ನೆಚಿಹ್ನೆ ಇರುವ ಕಪ್ಪು ವಜ್ರವಾಗಿ ಬರುತ್ತದೆ. ಒಬ್ಬ ಅಜ್ಜ ಕನ್ನಡಕ ಸರಿಮಾಡಿಕೊಂಡು ಚೀಟಿ ನೋಡಿ, "ಇದೆಂತ ಮಾರಾಯಾ, ನನ್ನ ಹೆಸರಿನ ಕೊನೆಗೆ ವಜ್ರ ಕೂರಿಸಿದ್ದೀಯಾ?" ಅಂದರು.

ಅಲ್ಲಿಗೇ ಮುಗಿಯಲಿಲ್ಲ. ಆ ಮುರಿದ ಬೈಟು ಇರುವ ಒಂದೇ ಒಂದು ಹೆಸರು ಸೇರಿದರೆ ಪಟ್ಟಿಯನ್ನು ಜೆಸನ್ (ಮಾಹಿತಿ ಕಳಿಸಲು ಬಳಸುವ ಒಂದು ಬರಹ ರೂಪ) ಮಾಡುವ ಫಂಕ್ಷನ್ ಸುಮ್ನೆ "ಫಾಲ್ಸ್" ಅಂದು ಕೂರುತ್ತದೆ. ಇಡೀ ದಿನದ ಪಟ್ಟಿ ಖಾಲಿ. ಯಾಕೆ ಅಂತ ನಾವಾಗಿ ಕೇಳಿದರೆ ಮಾತ್ರ ಹೇಳುತ್ತದೆ.

ಇದನ್ನೆಲ್ಲ ಸರಿಮಾಡಲಿಕ್ಕೇ 6ನೇ ಆವೃತ್ತಿ ಬರುವುದಿತ್ತು. ಒಳಗಿಂದಲೇ ಯೂನಿಕೋಡ್ ಮಾಡುವ ಯೋಜನೆ. ಪಿಎಚ್‌ಪಿ 6 ಅಂತ ಪುಸ್ತಕಗಳೂ ಬಂದಿದ್ದವು. ಕೆಲಸ ಮುಂದೆ ಹೋಗದೆ 2010ರಲ್ಲಿ ಕೈಬಿಟ್ಟರು, ನಾನು ಶುರು ಮಾಡಿದ ವರ್ಷವೇ. 2015ರ ಕೊನೆಗೆ ನೇರವಾಗಿ 7 ಬಂತು. ನಮಗೆ ಉಳಿದದ್ದು ಹೆಸರಿನ ಶುರುವಿಗೆ ಎಂಬಿ ಇರುವ ಬೇರೆ ಫಂಕ್ಷನ್‌ಗಳು. ಅವು ಕಾಸರಗೋಡನ್ನು 8 ಅನ್ನುತ್ತವೆ. ಅಕ್ಷರದ ಗುಂಪು ಎಣಿಸುವ ಇನ್ನೊಂದು ಉಂಟು, ಅದು 5 ಅನ್ನುತ್ತದೆ. ಖುಷಿಯಾಯಿತು. ಆಮೇಲೆ "ಮುಳ್ಳೇರಿಯ" ಕೊಟ್ಟು ನೋಡಿದೆ. ಒತ್ತಕ್ಷರ ಬಿಡಿಸಿ ಅದನ್ನೂ 5 ಅಂದಿತು. ಒಂದನೇ ಕ್ಲಾಸಿನ ಮಗು 4 ಅನ್ನುತ್ತದೆ. ಬಿಲ್ಲಿನ ಕಾಲಂ ಸಾಲಾಗಿ ಬರಲು ಖಾಲಿ ಜಾಗ ತುಂಬಿಸುವ ಎಂಬಿ ಫಂಕ್ಷನ್ ಬಂದದ್ದು 2023ರ 8.3ರಲ್ಲಿ. ಅದುವರೆಗೆ ನಾನೇ ಬರೆದುಕೊಂಡದ್ದನ್ನು ಹೊತ್ತು ತಿರುಗಿದೆ.

ಇಷ್ಟು ಬೇಸತ್ತು 2021ರಲ್ಲಿ ಒಂದು ಅಂಗಡಿಯ ಕೆಲಸವನ್ನು ನೋಡ್‌ಗೆ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಬದಲಾಯಿಸಿದೆ. ಬರೆಯಲು ಚೆನ್ನಾಗಿತ್ತು. ಅಡಿಕೆ ಸೀಸನ್ನಿನಲ್ಲಿ ಒಂದು ಶನಿವಾರ ನಾನು ಮಧೂರಿನಲ್ಲಿ ನೆಂಟರ ಮನೆಯ ಊಟಕ್ಕೆ ಕೂತಿದ್ದೆ. ಯಾವುದೋ ಒಂದು ಪುಟದಲ್ಲಿ ನಾನು ಹಿಡಿಯದೆ ಬಿಟ್ಟ ಒಂದು ಎರರ್. ಪ್ರೋಗ್ರಾಮೇ ಮಲಗಿತು. ಬಿಲ್ಲೂ ಇಲ್ಲ, ದಾಸ್ತಾನೂ ಇಲ್ಲ. ಪಾಯಸ ಬಿಟ್ಟು ಎದ್ದು ಬಂದೆ. ತಪ್ಪು ನನ್ನದೇ, ಬಿದ್ದರೆ ತಾನೇ ಏಳುವ ವ್ಯವಸ್ಥೆ ಮಾಡಿರಲಿಲ್ಲ. ಪಿಎಚ್‌ಪಿಯಲ್ಲಿ ಅದನ್ನು ಮಾಡುವ ಅಗತ್ಯವೇ ಬಂದಿರಲಿಲ್ಲ ನೋಡಿ. ಇಲ್ಲಿ ಪ್ರತಿ ಕ್ಲಿಕ್ಕಿಗೆ ಎಲ್ಲ ಹೊಸದಾಗಿ ಶುರುವಾಗುತ್ತದೆ, ಕೆಲಸ ಆದ ಮೇಲೆ ಎಲ್ಲ ಅಳಿಸಿಹೋಗುತ್ತದೆ. ಒಂದು ಪುಟ ಕೆಟ್ಟರೆ ಆ ಪುಟ ಮಾತ್ರ ಕೆಟ್ಟಿತು. ಪಕ್ಕದಲ್ಲಿ ಬಿಲ್ಲು ಹರಿಯುತ್ತಲೇ ಇರುತ್ತದೆ. ತಿಂಗಳು ಕಳೆಯುವುದರೊಳಗೆ ಆ ಅಂಗಡಿಯನ್ನು ವಾಪಸ್ ತಂದೆ.

ಕನ್ನಡ ವಿಕಿಪೀಡಿಯ ಓಡುವುದೂ ಪಿಎಚ್‌ಪಿಯಲ್ಲೇ ಅಂತ ಅಳಿಯನಿಗೆ ಹೇಳಿದೆ. ಅವನು ನಗಲಿಲ್ಲ, ಅಷ್ಟಾದರೂ ಆಯಿತು.

ಯಾರಿಗೆ ಆಗಬಹುದು? ಒಬ್ಬರೇ ಕೂತು ಕೆಲಸ ಮಾಡುವವರಿಗೆ, ವರ್ಷಕ್ಕೆ ಕೆಲವೇ ಸಾವಿರ ಖರ್ಚು ಮಾಡಬಲ್ಲವರಿಗೆ ಧಾರಾಳ ಆಗುತ್ತದೆ. ದುಡ್ಡಿನ ಲೆಕ್ಕ ಇದ್ದರೆ ಮೂರು ಸಮಚಿಹ್ನೆ ಮರೆಯಬೇಡಿ. ಕನ್ನಡ ಅಕ್ಷರ ಕತ್ತರಿಸುವ ಕೆಲಸ ಇದ್ದರೆ ಕತ್ತರಿಸಲೇಬೇಡಿ, ಕಾಲಂ ಅಗಲ ಮಾಡಿ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ ನಕ್ಷತ್ರ.

ಹೋದ ಸಲ ಬಂದಾಗ ಅಳಿಯ ನನ್ನ ಲ್ಯಾಪ್‌ಟಾಪಿಗೆ ಪಿಎಚ್‌ಪಿಸ್ಟ್ಯಾನ್ ಹಾಕಿಕೊಟ್ಟ, ಕಟ್ಟುನಿಟ್ಟಿನ ನಿಯಮಗಳ ಸಮೇತ. ಕೋಡನ್ನು ಓಡಿಸದೆ ಬರೀ ಓದಿ ತಪ್ಪು ಹೇಳುವ ಟೂಲ್ ಅದು. ನನ್ನ ಹದಿನೈದು ವರ್ಷದ ಕೋಡಿನಲ್ಲಿ 1,143 ತಪ್ಪು ಎತ್ತಿ ತೋರಿಸಿತು. ಅಂತೂ ಬೈಯುವವರೊಬ್ಬರು ಸಿಕ್ಕಿದರು. ಈಗ ಬೆಳಿಗ್ಗೆ ಕಾಫಿ ಬರುವ ಮೊದಲು ಹತ್ತು ಸರಿಮಾಡುತ್ತೇನೆ. ನಿನ್ನೆಗೆ 612 ಉಳಿದಿದ್ದವು.